ಮಂಗಳವಾರ ಉಳಿಯಿತು, ಗುರುವಾರ ಹೋಯಿತು

1947ರ ಏಪ್ರಿಲ್ 24, ಗುರುವಾರ ರಾತ್ರಿ. ಆಕ್ಸ್‌ಫರ್ಡ್‌ನ ಒಂದು ಕಾಲೇಜಿನಲ್ಲಿ, ಮೇಷ್ಟ್ರೊಬ್ಬನ ಕೋಣೆಯಲ್ಲಿ ಗೆಳೆಯರು ಸೇರಿದ್ದರು. ಅವರಲ್ಲೊಬ್ಬ ಒಂಬತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಒಂದು ದೊಡ್ಡ ಕತೆ ಬರೆಯುತ್ತಿದ್ದ. ಆವತ್ತು ಅದರ ಮುಂದಿನ ಭಾಗದ ಸರದಿ. ಇನ್ನೇನು ಓದು ಶುರುವಾಗಬೇಕು, ಅಷ್ಟರಲ್ಲಿ ಇನ್ನೊಬ್ಬ ಗೆಳೆಯ ಒಳಗೆ ಬಂದ. ಓದು ಅಲ್ಲಿಗೇ ನಿಂತಿತು.

ಬಂದವನಿಗೆ ಆ ಕತೆ ಹಿಡಿಸುತ್ತಿರಲಿಲ್ಲ. ತಾನು ಇರುವಾಗ ಅದನ್ನು ಓದುವುದು ಬೇಡ ಅನ್ನುವ ಹಕ್ಕು ಅವನಿಗೆ ಅಷ್ಟು ಹೊತ್ತಿಗೆ ಸಿಕ್ಕಿಬಿಟ್ಟಿತ್ತು. ಕೋಣೆಯಲ್ಲಿದ್ದ ಒಬ್ಬ ಮಾತ್ರ ಇದು ಅನ್ಯಾಯ ಅಂತ ತನ್ನ ದಿನಚರಿಯಲ್ಲಿ ಬರೆದಿಟ್ಟ. ಅವನು ಬರೆದಿಡದಿದ್ದರೆ ಆ ರಾತ್ರಿ ಹೀಗಾಯಿತು ಅಂತ ನಮಗೆ ತಿಳಿಯುತ್ತಲೇ ಇರಲಿಲ್ಲ.

ಕತೆ ಬರೆಯುತ್ತಿದ್ದವನು ಜೆ. ಆರ್. ಆರ್. ಟೋಲ್ಕಿನ್. ಕತೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’. ಬೇಡ ಅಂದವನು ಹ್ಯೂಗೋ ಡೈಸನ್. ಕೋಣೆ ಸಿ. ಎಸ್. ಲೂಯಿಸ್‌ನದು. ದಿನಚರಿ ಬರೆದವನು ಲೂಯಿಸ್‌ನ ಅಣ್ಣ ವಾರನ್, ಗೆಳೆಯರ ಬಾಯಲ್ಲಿ ವಾರ್ನಿ. ಬಳಗದ ಹೆಸರು ಇಂಕ್ಲಿಂಗ್ಸ್.

ಈ ಪ್ರಸಂಗವನ್ನು ಸಾಮಾನ್ಯವಾಗಿ ಒಂದು ತಮಾಷೆಯಾಗಿ ಹೇಳುತ್ತಾರೆ. ನೋಡಿ, ಲೋಕವೆಲ್ಲ ಮುಗಿಬಿದ್ದು ಓದಿದ ಕತೆಯನ್ನು ಒಬ್ಬ ‘ಸಾಕಪ್ಪಾ ಸಾಕು’ ಅಂದಿದ್ದ, ಎಂಥ ದಡ್ಡ ಅಲ್ವಾ ಅಂತ. ನನಗೆ ಹಾಗೆ ಕಾಣುವುದಿಲ್ಲ. ಬರೆಯುವವರ ಬಳಗ ಹೇಗೆ ಬದುಕುತ್ತದೆ, ಅದರಲ್ಲಿ ಯಾವ ಭಾಗ ಮೊದಲು ಸಾಯುತ್ತದೆ ಅನ್ನುವುದು ಈ ಒಂದು ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ. ನಾನೂ ಅಂಥ ಒಂದು ಬಳಗದಲ್ಲಿ ಕೆಲವು ವರ್ಷ ಕೂತವನು. ತಿಂಗಳಿಗೊಂದು ಭಾನುವಾರ, ಯಾರದಾದರೂ ಮನೆಯ ನಡುಮನೆ, ಮಂಡಕ್ಕಿ, ಚಹಾ. ಹಾಗಾಗಿ ಡೈಸನ್‌ನನ್ನು ನೋಡಿದರೆ ನನಗೆ ನಗುವಿಗಿಂತ ಪರಿಚಯದವರನ್ನು ಕಂಡ ಹಾಗೆ ಆಗುತ್ತದೆ.

ಎರಡು ದಿನ, ಎರಡು ಕೆಲಸ

ಹೆಸರು ಎರವಲು ಬಂದದ್ದು. 1930ರ ದಶಕದ ಶುರುವಿನಲ್ಲಿ ಎಡ್ವರ್ಡ್ ಟ್ಯಾಂಗೈ ಲೀನ್ ಎಂಬ ವಿದ್ಯಾರ್ಥಿ ಯೂನಿವರ್ಸಿಟಿ ಕಾಲೇಜಿನಲ್ಲಿ ಒಂದು ಕೂಟ ಕಟ್ಟಿದ. ಅಚ್ಚಾಗದ ಬರಹಗಳನ್ನು ಗಟ್ಟಿಯಾಗಿ ಓದಿ ಮಾತಾಡುವುದು ಅದರ ಕೆಲಸ. ಟೋಲ್ಕಿನ್, ಲೂಯಿಸ್ ಇಬ್ಬರೂ ಮೇಷ್ಟ್ರುಗಳಾಗಿ ಅಲ್ಲಿಗೆ ಹೋಗುತ್ತಿದ್ದರು. ಲೀನ್ ಓದು ಮುಗಿಸಿ ಹೋದ ಮೇಲೆ ಆ ಕೂಟ ನಿಂತಿತು. ಹೆಸರು ಮಾತ್ರ ಲೂಯಿಸ್‌ನ ಗೆಳೆಯರಿಗೆ ಅಂಟಿಕೊಂಡಿತು. ಇಂಗ್ಲಿಷಿನಲ್ಲಿ ‘ಇಂಕ್ಲಿಂಗ್’ ಅಂದರೆ ಸುಳಿವು. ಇಂಕು ಅಂದರೆ ಶಾಯಿ ಅನ್ನುವುದು ಎಲ್ಲರಿಗೂ ಗೊತ್ತು. ಅರ್ಧಂಬರ್ಧ ಹೊಳೆದದ್ದನ್ನು ಹಿಡಿದುಕೊಂಡು ಶಾಯಿಯಲ್ಲಿ ಕೈಯಾಡಿಸುವವರು ಅಂತ ಎರಡೂ ಅರ್ಥ ಬರುವ ಹಾಗೆ ಆ ಹೆಸರು.

ಬಳಗಕ್ಕೆ ಅಧ್ಯಕ್ಷ ಇರಲಿಲ್ಲ. ಕಾರ್ಯದರ್ಶಿ ಇರಲಿಲ್ಲ. ನಡಾವಳಿ ಪುಸ್ತಕ, ಚಂದಾ, ಚುನಾವಣೆ ಒಂದೂ ಇರಲಿಲ್ಲ. ಯಾರಾದರೂ ಹೊಸಬರನ್ನು ಕರೆತಂದರೆ, ಅವರು ಎಲ್ಲರಿಗೂ ಹೊಂದಿದರೆ, ಮುಂದಿನ ವಾರವೂ ಬರುತ್ತಿದ್ದರು. ಅಷ್ಟೇ. ಒಟ್ಟು ಇಪ್ಪತ್ತರ ಒಳಗೆ ಜನ. ಒಂದು ರಾತ್ರಿಗೆ ಆರೇಳು ಮಂದಿ ಬಂದರೆ ಒಳ್ಳೆಯ ಹಾಜರಿ.

ಎಲ್ಲರೂ ಗಂಡಸರು. ಇದನ್ನು ಹೇಳದೆ ಮುಂದೆ ಹೋಗಬಾರದು. ಡೊರೊಥಿ ಸೇಯರ್ಸ್ ಹೆಸರಾಂತ ಕಾದಂಬರಿಕಾರ್ತಿ, ಲೂಯಿಸ್‌ನ ಗೆಳತಿ, ಬಳಗದ ಇನ್ನೊಬ್ಬ ಸದಸ್ಯ ಚಾರ್ಲ್ಸ್ ವಿಲಿಯಮ್ಸ್‌ನಿಗೂ ಆಪ್ತಳು. ಆಕೆ ಇಂಕ್ಲಿಂಗ್ ಆಗಲೇ ಇಲ್ಲ. ಚೆನ್ನಾಗಿ ಕೇಳಬಲ್ಲ ಕಿವಿಗಳಲ್ಲಿ ಅರ್ಧವನ್ನು ಬಾಗಿಲ ಹೊರಗೇ ಬಿಟ್ಟು ಕೂತಿದ್ದರು ಇವರು.

ಸೇರುವುದು ವಾರಕ್ಕೆ ಎರಡು ಸಲ. ಮಂಗಳವಾರ ಮಧ್ಯಾಹ್ನದ ಊಟಕ್ಕೆ ಮುಂಚೆ ಸೇಂಟ್ ಜೈಲ್ಸ್ ರಸ್ತೆಯ ‘ಈಗಲ್ ಅಂಡ್ ಚೈಲ್ಡ್’ ಪಬ್ಬಿನ ಹಿಂದಿನ ಕೋಣೆಯಲ್ಲಿ. ಹದ್ದು ಮತ್ತು ಮಗು ಅನ್ನುವ ಆ ಬೋರ್ಡನ್ನು ಊರಿನವರು ‘ಬರ್ಡ್ ಅಂಡ್ ಬೇಬಿ’ ಅಂತ ಮಾಡಿಕೊಂಡಿದ್ದರು, ಹಕ್ಕಿ ಮತ್ತು ಕೂಸು. ಅಲ್ಲಿ ಬಿಯರು, ಹರಟೆ, ಊರ ಸುದ್ದಿ. ಯಾರ ಪುಸ್ತಕ ಎಲ್ಲಿಗೆ ಬಂತು, ಯಾವ ಪ್ರಕಾಶಕ ಏನಂದ, ಯಾರಿಗೆ ಕೆಲಸ ಸಿಕ್ಕಿತು, ಯಾರಿಗೆ ಜ್ವರ. ಗುರುವಾರ ರಾತ್ರಿ ಬೇರೆ. ಅದು ಲೂಯಿಸ್‌ನ ಕೋಣೆಯಲ್ಲಿ, ಓದುವುದಕ್ಕೆ ಮೀಸಲು.

ನನ್ನ ಲೆಕ್ಕದಲ್ಲಿ ಈ ಬಳಗದ ಗುಟ್ಟು ಈ ಎರಡು ದಿನಗಳಲ್ಲೇ ಇದೆ. ಸುದ್ದಿಗೆ ಒಂದು ದಿನ, ಬರಹಕ್ಕೆ ಒಂದು ದಿನ. ನಮ್ಮ ಭಾನುವಾರಗಳಲ್ಲಿ ಎರಡೂ ಒಂದೇ ತಟ್ಟೆಯಲ್ಲಿ ಇರುತ್ತಿದ್ದವು. ಸುದ್ದಿ ಶುರುವಾದರೆ ಮುಗಿಯುತ್ತಿರಲಿಲ್ಲ. ಯಾರ ಕವನ ಸಂಕಲನಕ್ಕೆ ಯಾರು ಮುನ್ನುಡಿ ಅನ್ನುವುದರಲ್ಲೇ ಮಂಡಕ್ಕಿ ಖಾಲಿ. ಕತೆ ತಂದವನು ಬ್ಯಾಗಿನ ಜಿಪ್ ಅರ್ಧ ತೆಗೆದು, ಮತ್ತೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದ.

ಗುರುವಾರದ ಕೋಣೆ

ಲೂಯಿಸ್ ಇದ್ದದ್ದು ಮಾಗ್ಡಲೆನ್ ಕಾಲೇಜಿನಲ್ಲಿ. ಬರೆಯುವುದು ಹಾಗೆ, ಆಕ್ಸ್‌ಫರ್ಡ್‌ನವರು ಕರೆಯುವುದು ಮಾತ್ರ ‘ಮಾಡ್ಲಿನ್’ ಅಂತ. ‘ಹೊಸ ಕಟ್ಟಡ’ ಅಂತ ಹೆಸರಿರುವ, ಹದಿನೆಂಟನೇ ಶತಮಾನದ ಹಳೆಯ ಕಟ್ಟಡದಲ್ಲಿ ಅವನ ಕೋಣೆಗಳು. ದೊಡ್ಡ ಕೋಣೆಯ ಕಿಟಕಿಯಿಂದ ಕಾಲೇಜಿನ ಜಿಂಕೆವನ ಕಾಣುತ್ತಿತ್ತು. ಒಳಗೆ ಹಳೇ ಸೋಫಾ, ಸವೆದ ಕುರ್ಚಿಗಳು, ಪೈಪಿನ ಹೊಗೆ.

ಕ್ರಮ ಯಾವತ್ತೂ ಒಂದೇ. ಐದಾರು ಜನ ಬಂದ ಮೇಲೆ ಚಹಾ. ಪೈಪುಗಳು ಹೊತ್ತಿಕೊಂಡ ಮೇಲೆ ಲೂಯಿಸ್ ಕೇಳುತ್ತಿದ್ದ: ಏನು, ಓದುವುದಕ್ಕೆ ಯಾರೂ ಏನೂ ತಂದಿಲ್ಲವಾ? ಆಗ ಯಾರದ್ದಾದರೂ ಜೇಬಿನಿಂದ ಹಾಳೆಗಳು ಹೊರಬರುತ್ತಿದ್ದವು.

ಆ ಒಂದು ಪ್ರಶ್ನೆ ಎಷ್ಟು ದೊಡ್ಡದು ಅಂತ ಬರೆಯುವವರಿಗೆ ಗೊತ್ತು. ‘ನಾನೊಂದು ಬರೆದಿದ್ದೇನೆ, ಓದಲಾ?’ ಅಂತ ತಾನೇ ಕೇಳುವುದು ನಾಚಿಕೆಯ ಕೆಲಸ. ಯಾರಾದರೂ ಕೇಳಿದರೆ ತೆಗೆಯುವುದು ಸುಲಭ. ಪ್ರತಿ ವಾರ, ತಪ್ಪದೆ, ಒಬ್ಬ ಮನುಷ್ಯ ಕೇಳುತ್ತಾನೆ ಅಂತಾದರೆ ವಾರದ ನಡುವೆ ಎರಡು ಪುಟವಾದರೂ ಬರೆಯಬೇಕು ಅನ್ನಿಸುತ್ತದೆ.

ಹಾಗೆ ಹೊರಬಂದ ಹಾಳೆಗಳು ಎಂಥವು ಅಂದರೆ, ವಿಲಿಯಮ್ಸ್‌ನ ಕೊನೆಯ ಕಾದಂಬರಿ ಅಲ್ಲಿ ಓದಾಯಿತು. ನೋವಿನ ಬಗ್ಗೆ ಲೂಯಿಸ್ ಬರೆದ ಪುಸ್ತಕ ಅಲ್ಲೇ ಓದಾಯಿತು. ಅದಕ್ಕೆ ಬಳಗದ ಡಾಕ್ಟರ್ ರಾಬರ್ಟ್ ಹ್ಯಾವರ್ಡ್ ಕೊನೆಯಲ್ಲಿ ಒಂದು ಟಿಪ್ಪಣಿ ಬರೆದುಕೊಟ್ಟ. 1940ರಲ್ಲಿ ಅಚ್ಚಾದಾಗ ಅರ್ಪಣೆಯೂ ಬಳಗಕ್ಕೇ. ಈ ಹ್ಯಾವರ್ಡ್ ಒಮ್ಮೆ ಕಾರು ತರುವುದಕ್ಕೆ ತಡ ಮಾಡಿದ. ವಾರ್ನಿ ರೇಗಿ ‘ಕೆಲಸಕ್ಕೆ ಬಾರದ ನಕಲಿ ಡಾಕ್ಟರು’ ಅಂದುಬಿಟ್ಟ. ಇಂಗ್ಲಿಷಿನಲ್ಲಿ ಅದು ‘ಯೂಸ್‌ಲೆಸ್ ಕ್ವಾಕ್’. ಅದರ ಮೊದಲಕ್ಷರಗಳೇ, ಯು. ಕ್ಯು., ಅವನಿಗೆ ಕಾಯಂ ಅಡ್ಡಹೆಸರಾಯಿತು. ವಾರ್ನಿ ಸೇನೆಯಿಂದ ನಿವೃತ್ತನಾದ ಮೇಜರ್. ಹದಿನಾಲ್ಕನೇ ಲೂಯಿಯ ಕಾಲದ ಫ್ರಾನ್ಸಿನ ಬಗ್ಗೆ ಬರೆಯುತ್ತಿದ್ದ. ಅವನೂ ಓದುತ್ತಿದ್ದ. ಅವನ ಪುಸ್ತಕ ಹೊರಬಂದದ್ದು 1953ರಲ್ಲಿ.

ಯಾರೂ ಏನೂ ತರದ ದಿನವೂ ಇರುತ್ತಿತ್ತು. ಆಗ ಅವರದ್ದೊಂದು ಆಟ. ಅಮಾಂಡಾ ಮೆಕಿಟ್ರಿಕ್ ರಾಸ್ ಅಂತ ಒಬ್ಬಳು ಐರ್ಲೆಂಡಿನ ಲೇಖಕಿ. ಭಾಷೆಯ ಆಡಂಬರಕ್ಕೆ ಹೆಸರಾದವಳು. ಅವಳ ಕಾದಂಬರಿಯನ್ನು ನಗದೆ ಯಾರು ಜಾಸ್ತಿ ಹೊತ್ತು ಓದುತ್ತಾರೆ ಅಂತ ಪಂದ್ಯ. ಸ್ವಲ್ಪ ಕ್ರೂರ ಆಟವೇ, ಆದರೆ ಬರೆಯುವವರು ಸೇರಿದ ಕಡೆ ಇಂಥದ್ದು ಇಲ್ಲದೆ ಇರುವುದಿಲ್ಲ.

ಓದಿದ್ದಕ್ಕೆ ಬೆನ್ನು ತಟ್ಟುವ ಪದ್ಧತಿ ಅಲ್ಲಿ ಇರಲಿಲ್ಲ. ಚೆನ್ನಾಗಿದ್ದರೆ ಬಾಯಿತುಂಬ ಹೊಗಳುತ್ತಿದ್ದರು, ಇಲ್ಲದಿದ್ದರೆ ಮುಖಕ್ಕೇ ಹೇಳುತ್ತಿದ್ದರು ಅಂತ ವಾರ್ನಿ ನೆನೆಸಿಕೊಂಡಿದ್ದಾನೆ. ಹೀಗೆ ಮುಖಕ್ಕೆ ಹೇಳಿಸಿಕೊಳ್ಳುವ ಅಭ್ಯಾಸ ಟೋಲ್ಕಿನ್ ಮತ್ತು ಲೂಯಿಸ್ ನಡುವೆ ಬಳಗಕ್ಕಿಂತ ಮೊದಲೇ ಬೆಳೆದಿತ್ತು. ಅದರ ಒಂದು ಉದಾಹರಣೆ ನನಗೆ ಬಹಳ ಇಷ್ಟ.

ಇಬ್ಬರೂ ಮೊದಲು ಭೇಟಿಯಾದದ್ದು 1926ರಲ್ಲಿ, ಇಂಗ್ಲಿಷ್ ವಿಭಾಗದ ಒಂದು ಸಭೆಯಲ್ಲಿ. 1929ರ ಕೊನೆಗೆ ಟೋಲ್ಕಿನ್ ತಾನು ಬರೆಯುತ್ತಿದ್ದ ಒಂದು ಉದ್ದನೆಯ ಕಥನಕಾವ್ಯವನ್ನು ಲೂಯಿಸ್‌ನಿಗೆ ಓದಲು ಕೊಟ್ಟ. ಅದನ್ನು ಅವನು ಬಹಳ ಜನಕ್ಕೆ ತೋರಿಸಿರಲಿಲ್ಲ. ಲೂಯಿಸ್ ರಾತ್ರಿ ಕೂತು ಓದಿ, ಮರುದಿನವೇ ಸಂತೋಷ ಅಂತ ಪತ್ರ ಬರೆದ. ವಿವರವಾಗಿ ಆಮೇಲೆ ಬರೆಯುತ್ತೇನೆ ಅಂದ. ಹಾಗೆ ಬಂದ ವಿವರ ಹದಿನಾಲ್ಕು ಪುಟ. ಅದರಲ್ಲಿ ಲೂಯಿಸ್ ಒಂದು ನಾಟಕ ಹೂಡಿದ್ದ. ಈ ಕಾವ್ಯ ಯಾವುದೋ ಪುರಾತನ ಹಸ್ತಪ್ರತಿ, ಇದರ ಪಾಠಾಂತರಗಳ ಬಗ್ಗೆ ಪಂಡಿತರು ಜಗಳವಾಡುತ್ತಿದ್ದಾರೆ ಅನ್ನುವ ನಾಟಕ. ಪೀಬಾಡಿ, ಪಂಪರ್‌ನಿಕಲ್ ಅಂತೆಲ್ಲ ಆ ಕಲ್ಪಿತ ಪಂಡಿತರ ಹೆಸರು. ಸಪ್ಪೆಯಾದ ಸಾಲನ್ನು ಟೋಲ್ಕಿನ್‌ನ ತಲೆಗೆ ಕಟ್ಟುವ ಬದಲು, ಇದು ಮೂಲದ ಸಾಲಲ್ಲ, ಯಾವನೋ ಲಿಪಿಕಾರ ಕೆಡಿಸಿದ್ದು ಅಂತ ಒಬ್ಬ ಪಂಡಿತನ ಬಾಯಲ್ಲಿ ಹೇಳಿಸುವುದು. ಮೂಲ ಹೀಗಿದ್ದಿರಬೇಕು ಅಂತ ತನ್ನದೇ ಸಾಲು ಸೇರಿಸುವುದು.

ಹಳೆಯ ಇಂಗ್ಲಿಷಿನ ಪಠ್ಯಗಳನ್ನೇ ಪಾಠ ಹೇಳಿ ಬದುಕುತ್ತಿದ್ದ ಟೋಲ್ಕಿನ್‌ನಂಥವನಿಗೆ ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ನಗು ಬರುತ್ತದೆ, ಏಟೂ ಬೀಳುತ್ತದೆ. ಲೂಯಿಸ್ ಕೊಟ್ಟ ಸಾಲುಗಳನ್ನು ಟೋಲ್ಕಿನ್ ಹಾಗೇ ತೆಗೆದುಕೊಂಡದ್ದು ಕಡಿಮೆ. ಆದರೆ ಎಲ್ಲೆಲ್ಲಿ ಬೆರಳಿಟ್ಟಿದ್ದನೋ ಅಲ್ಲೆಲ್ಲ ಹೆಚ್ಚುಕಡಿಮೆ ಮತ್ತೆ ಬರೆದ. ಮುಂದೆ ಲೂಯಿಸ್ ಒಂದು ಪತ್ರದಲ್ಲಿ, ಟೋಲ್ಕಿನ್ ಮೇಲೆ ಯಾರ ಪ್ರಭಾವವೂ ನಡೆಯುವುದಿಲ್ಲ, ಹೇಳಿದ್ದನ್ನು ಒಂದೋ ಕಿವಿಗೇ ಹಾಕಿಕೊಳ್ಳುವುದಿಲ್ಲ, ಇಲ್ಲವೇ ಮೊದಲಿಂದ ಮತ್ತೆ ಶುರು ಮಾಡುತ್ತಾನೆ ಅಂತ ಗೊಣಗಿದ. ಮೊದಲಿಂದ ಮತ್ತೆ ಶುರು ಮಾಡುತ್ತಾನೆ ಅಂದರೆ ಕಿವಿಗೆ ಹಾಕಿಕೊಂಡಿದ್ದಾನೆ ಅಂತಲೇ ಅಲ್ವಾ?

ಸುದ್ದಿ

ಟೋಲ್ಕಿನ್ ತನ್ನ ದೊಡ್ಡ ಕತೆ ಶುರು ಮಾಡಿದ್ದು 1937ರ ಡಿಸೆಂಬರ್‌ನಲ್ಲಿ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಅವನ ‘ದಿ ಹಾಬಿಟ್’ ಬಂದು ಚೆನ್ನಾಗಿ ಓಡುತ್ತಿತ್ತು. ಪ್ರಕಾಶಕರು ಅದರ ಮುಂದಿನ ಭಾಗ ಕೇಳಿದರು. ಮಕ್ಕಳ ಕತೆ ಅಂತ ಶುರುವಾದದ್ದು ಕೈಮೀರಿ ಬೆಳೆಯಿತು. ಯುದ್ಧ ಬಂತು. ಕಾಗದಕ್ಕೆ ಬರ. ಪರೀಕ್ಷೆಯ ಉತ್ತರಪತ್ರಿಕೆಗಳ ಹಿಂಬದಿಯಲ್ಲೂ ಬರೆದ. ಪಬ್ಬಿನಲ್ಲಿ ಬಿಯರಿಗೂ ಬರ. ಕೆಲವು ಮಂಗಳವಾರ ಬಾಗಿಲಲ್ಲಿ ‘ಬಿಯರ್ ಇಲ್ಲ’ ಅಂತ ಬೋರ್ಡು. ಇವರು ಬೇರೆ ಪಬ್ಬು ಹುಡುಕಿಕೊಂಡು ಹೋಗುತ್ತಿದ್ದರು.

ಯುದ್ಧವೇ ಬಳಗಕ್ಕೆ ಒಬ್ಬ ಒಳ್ಳೆಯ ಸದಸ್ಯನನ್ನೂ ತಂದುಕೊಟ್ಟಿತು. ಬಾಂಬಿನ ಹೆದರಿಕೆಗೆ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಲಂಡನ್ ಕಚೇರಿ 1939ರಲ್ಲಿ ಆಕ್ಸ್‌ಫರ್ಡ್‌ಗೆ ಬಂತು. ಅದರ ಜೊತೆ ಅಲ್ಲಿ ಕೆಲಸದಲ್ಲಿದ್ದ ಚಾರ್ಲ್ಸ್ ವಿಲಿಯಮ್ಸ್ ಬಂದ.

1944ರಲ್ಲಿ ಟೋಲ್ಕಿನ್‌ನ ಮಗ ಕ್ರಿಸ್ಟಫರ್ ವಾಯುಪಡೆಯ ತರಬೇತಿಗೆ ದಕ್ಷಿಣ ಆಫ್ರಿಕಾದಲ್ಲಿದ್ದ. ಅಪ್ಪ ಮಗನಿಗೆ ಬರೆದ ಪತ್ರಗಳೇ ಈ ಬಳಗದ ಸುದ್ದಿಪತ್ರಿಕೆ ಅನ್ನಬಹುದು. ಮಂಗಳವಾರ ಯಾರು ಬಂದಿದ್ದರು, ಯಾರು ಏನು ಓದಿದರು, ಎಷ್ಟು ಹೊತ್ತಾಯಿತು, ಎಲ್ಲ ಇದೆ. ಅದರ ನಡುವೆಯೇ ಕತೆಯ ಅಧ್ಯಾಯಗಳು ಟೈಪಾಗಿ ಹಡಗು ಹತ್ತುತ್ತಿದ್ದವು. ಮೇ ಕೊನೆಗೆ ಬರೆದ ಒಂದು ಪತ್ರದಲ್ಲಿ, ಹೊಸ ಅಧ್ಯಾಯಗಳನ್ನು ಕೇಳಿ ಲೂಯಿಸ್‌ನ ಕಣ್ಣಲ್ಲಿ ನೀರು ಬರುವ ಹಾಗಾಯಿತು ಅಂತ ಅಪ್ಪ ಬರೆದುಕೊಂಡಿದ್ದಾನೆ. ಐವತ್ತು ದಾಟಿದ ಪ್ರೊಫೆಸರು. ಗೆಳೆಯ ಅತ್ತ ಅಂತ ಮಗನಿಗೆ ಹೇಳಿಕೊಳ್ಳುವಾಗ ಅವನಿಗೆ ಆಗಿರುವ ಹಿಗ್ಗು ಮುಚ್ಚಿಡಲಾಗದ್ದು.

ಯುರೋಪಿನಲ್ಲಿ ಯುದ್ಧ ಮುಗಿದ ಮರುವಾರ ಸುದ್ದಿ ಬೇರೆಯಾಗಿತ್ತು. 1945ರ ಮೇ 15, ಮಂಗಳವಾರ. ವಿಲಿಯಮ್ಸ್‌ಗೆ ಆಪರೇಷನ್ ಆಗಿತ್ತು. ಆಸ್ಪತ್ರೆ ಪಬ್ಬಿನಿಂದ ನಡೆದು ಹೋಗುವಷ್ಟು ಹತ್ತಿರ. ಅವನಿಗೆ ಓದಲು ಒಂದು ಪುಸ್ತಕ ಕೊಟ್ಟು, ಗೆಳೆಯರಿಗೆ ಅವನಿಂದ ಏನಾದರೂ ಸುದ್ದಿ ತರೋಣ ಅಂತ ಲೂಯಿಸ್ ಹೋದ. ಅಲ್ಲಿ ವಿಲಿಯಮ್ಸ್ ತೀರಿಕೊಂಡ ಅಂತ ಹೇಳಿದರು. ಲೂಯಿಸ್ ಅದೇ ರಸ್ತೆಯಲ್ಲಿ ವಾಪಸು ನಡೆದು ಬಂದು ಕಾಯುತ್ತಿದ್ದವರಿಗೆ ತಿಳಿಸಬೇಕಾಯಿತು. ಕೊಡಬೇಕಾಗಿದ್ದ ಪುಸ್ತಕವನ್ನೂ ವಾಪಸು ಹೊತ್ತುಕೊಂಡು.

ಗೆಳೆಯನ ನೆನಪಿಗೆ ಎಲ್ಲ ಸೇರಿ ಒಂದು ಪ್ರಬಂಧ ಸಂಪುಟ ತಂದರು, 1947ರಲ್ಲಿ. ಅದರ ಹಣ ವಿಲಿಯಮ್ಸ್‌ನ ಹೆಂಡತಿಗೆ ಅಂತ ಉದ್ದೇಶ. ಬಳಗ ಅಂದರೆ ಇದೂ ಹೌದು. ಪಡಿತರದ ಕಾಲದಲ್ಲಿ ಅಮೆರಿಕದ ಡಾಕ್ಟರೊಬ್ಬರು ಲೂಯಿಸ್‌ಗೆ ಹಂದಿಮಾಂಸದ ಹ್ಯಾಮ್ ಕಳಿಸುತ್ತಿದ್ದರು. ಲೂಯಿಸ್ ಅದನ್ನು ಮನೆಗೆ ಒಯ್ಯುತ್ತಿರಲಿಲ್ಲ. ಗೆಳೆಯರನ್ನೆಲ್ಲ ಕರೆದು ಹ್ಯಾಮಿನ ಊಟ ಹಾಕಿಸುತ್ತಿದ್ದ. 1948ರ ಮಾರ್ಚ್‌ನಲ್ಲಿ ಅಂಥ ಒಂದು ಊಟವಾದ ಮೇಲೆ ಎಲ್ಲರೂ ಸಹಿ ಹಾಕಿ ದಾನಿಗೆ ಪತ್ರ ಬರೆದರು. ಗಮನಿಸಿ, ಆ ಹೊತ್ತಿಗೆ ಗುರುವಾರದ ರಾತ್ರಿಗಳಲ್ಲಿ ಊಟದ ಸುದ್ದಿ ಜಾಸ್ತಿಯಾಗಿದೆ, ಓದಿನ ಸುದ್ದಿ ಕಡಿಮೆಯಾಗಿದೆ.

ಬೇಡ ಅಂದವನು

ಡೈಸನ್ ಹೊರಗಿನವನಲ್ಲ. 1931ರ ಸೆಪ್ಟೆಂಬರ್‌ನ ಒಂದು ರಾತ್ರಿ ಟೋಲ್ಕಿನ್, ಲೂಯಿಸ್, ಡೈಸನ್ ಮೂವರೂ ಕಾಲೇಜಿನ ಹೊಳೆಯ ಪಕ್ಕದ ದಾರಿಯಲ್ಲಿ ನಡೆಯುತ್ತಾ ಪುರಾಣ, ದೇವರು ಅಂತ ನಡುರಾತ್ರಿ ದಾಟಿದ ಮೇಲೂ ಮಾತಾಡಿದ್ದರು. ಅದಾದ ಕೆಲವೇ ದಿನಕ್ಕೆ ಲೂಯಿಸ್ ಕ್ರೈಸ್ತ ಧರ್ಮವನ್ನು ಮತ್ತೆ ಒಪ್ಪಿಕೊಂಡ. ಅಂಥ ಗೆಳೆತನ. ಡೈಸನ್ ಮೊದಲ ಮಹಾಯುದ್ಧದಲ್ಲಿ ಕೆಟ್ಟದಾಗಿ ಗಾಯಗೊಂಡು ಬದುಕಿ ಬಂದವನು. ಮಾತಿನ ಮಲ್ಲ. ಶೇಕ್ಸ್‌ಪಿಯರ್‌ನನ್ನು ಪಾಠ ಹೇಳುತ್ತಿದ್ದ. ಬರೆದು ಪ್ರಕಟಿಸಿದ್ದು ಕಡಿಮೆ.

1945ರ ತನಕ ಅವನ ಕೆಲಸ ರೆಡಿಂಗ್‌ನಲ್ಲಿತ್ತು. ಆಕ್ಸ್‌ಫರ್ಡ್‌ಗೆ ಬಂದಾಗ ಬಂದ. 1945ರಲ್ಲಿ ಮರ್ಟನ್ ಕಾಲೇಜಿಗೆ ಕೆಲಸ ಸಿಕ್ಕಿ ಇದೇ ಊರಿನವನಾದ. ಆಮೇಲೆ ಗುರುವಾರಗಳಿಗೆ ತಪ್ಪದೆ ಬರುವಂತಾಯಿತು. ಅದೇ ವರ್ಷ ವಿಲಿಯಮ್ಸ್ ಹೋಗಿದ್ದ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಕೂತು ಕೇಳುವವನೊಬ್ಬ ಹೋದ, ಕೂತು ಮಾತಾಡುವವನೊಬ್ಬ ಬಂದ. ಕೋಣೆಯ ತೂಕ ಆ ಕಡೆ ವಾಲಿತು.

ಡೈಸನ್‌ನ ಕಡೆಯಿಂದಲೂ ಸ್ವಲ್ಪ ನೋಡೋಣ. ಟೋಲ್ಕಿನ್ ಮಾತು ಸ್ಪಷ್ಟವಿರಲಿಲ್ಲ. ಬೇಗ ಬೇಗ, ಗಂಟಲಲ್ಲೇ ಗೊಣಗುತ್ತಿದ್ದ ಅಂತ ಅವನ ವಿದ್ಯಾರ್ಥಿಗಳೇ ಹೇಳಿದ್ದಾರೆ. ಮಗ ಕ್ರಿಸ್ಟಫರ್ ವಾಪಸಾದ ಮೇಲೆ ಅವನನ್ನೂ ಬಳಗಕ್ಕೆ ಸೇರಿಸಿಕೊಂಡರು. ಅಪ್ಪನ ಕತೆಯನ್ನು ಮಗನೇ ಓದಲಿ, ಅವನೇ ಚೆನ್ನಾಗಿ ಓದುತ್ತಾನೆ ಅಂತ ಗೆಳೆಯರ ತೀರ್ಮಾನ. ಅಂದರೆ ಕೇಳುವವರಿಗೆ ಕಷ್ಟವಿದ್ದದ್ದು ನಿಜ. ಇನ್ನು ಕತೆಯೋ, ವರ್ಷಗಟ್ಟಲೆ ನಡೆಯುತ್ತಲೇ ಇದೆ. ಹೆಸರುಗಳು ನೂರಾರು, ಭಾಷೆಗಳು ನಾಲ್ಕಾರು. ಎರಡು ವಾರ ತಪ್ಪಿಸಿಕೊಂಡವನಿಗೆ ತಲೆಬುಡ ಸಿಕ್ಕುವುದಿಲ್ಲ. ದಿನವಿಡೀ ಪಾಠ ಹೇಳಿ ದಣಿದು ಬಂದವನು ಗೆಳೆಯರ ಜೊತೆ ನಕ್ಕು ಮಾತಾಡೋಣ ಅಂದುಕೊಂಡರೆ, ಮತ್ತೆ ಅದೇ ಕಾಡು, ಅದೇ ಬೆಟ್ಟ. ಅವನ ಬೇಸರ ಸುಳ್ಳಲ್ಲ.

ನಮ್ಮ ಬಳಗದಲ್ಲೂ ಒಬ್ಬರು ಹಿರಿಯರು ತಮ್ಮ ಕಾದಂಬರಿಯನ್ನು ಹೀಗೇ ಓದುತ್ತಿದ್ದರು. ಎರಡನೇ ವರ್ಷಕ್ಕೆ ನಾನು ಚಹಾ ಮಾಡುವ ನೆಪದಲ್ಲಿ ಅಡಿಗೆಮನೆಯಲ್ಲೇ ಇರುತ್ತಿದ್ದೆ. ಹಾಲು ಉಕ್ಕುವುದನ್ನು ಅಷ್ಟು ಶ್ರದ್ಧೆಯಿಂದ ನಾನು ಯಾವತ್ತೂ ಕಾದಿಲ್ಲ.

ಆದರೆ ಅಡಿಗೆಮನೆಗೆ ಹೋಗುವುದು ಬೇರೆ, ಓದಬೇಡಿ ಅನ್ನುವುದು ಬೇರೆ. ಡೈಸನ್ ‘ಈ ಅಧ್ಯಾಯ ಉದ್ದವಾಯಿತು’ ಅಂದಿದ್ದರೆ, ‘ಈ ಪಾತ್ರ ಗೊಂಬೆಯ ಹಾಗಿದೆ’ ಅಂದಿದ್ದರೆ ಅದು ಗುರುವಾರದ ಪದ್ಧತಿಗೆ ಒಗ್ಗುತ್ತಿತ್ತು. ಎಷ್ಟು ಒರಟಾಗಿ ಬೇಕಾದರೂ ಹೇಳಬಹುದಿತ್ತು. ಟೋಲ್ಕಿನ್ ಏಟು ತಿನ್ನಲು ಹೆದರುವವನಲ್ಲ. ಕತೆ ಮುಗಿದ ಮೇಲೆ, ಅದರ ಪಾತ್ರಗಳಲ್ಲೊಬ್ಬನಾದ ಸ್ಯಾಮ್‌ನ ಮನೆಮಕ್ಕಳ ಬಗ್ಗೆ ಒಂದು ಕೊನೆಯ ಅಧ್ಯಾಯ ಬರೆದಿದ್ದ. ಓದಿದವರೆಲ್ಲ ಬೇಡ ಅಂದರು. ತೆಗೆದುಹಾಕಿದ. ಓದಿ, ಕೇಳಿ, ಆಮೇಲೆ ಬೇಡ ಅನ್ನುವುದಕ್ಕೂ, ಕೇಳುವ ಮೊದಲೇ ಬೇಡ ಅನ್ನುವುದಕ್ಕೂ ಇರುವ ದೂರ ಇದು. ಮೊದಲನೆಯದರಿಂದ ಪುಸ್ತಕಕ್ಕೆ ಲಾಭವಾಯಿತು. ಎರಡನೆಯದರಿಂದ ಗುರುವಾರಕ್ಕೆ ಪೆಟ್ಟು ಬಿತ್ತು.

ಇನ್ನೊಂದು ಮಾತು. ಅಧ್ಯಕ್ಷ ಇಲ್ಲದ, ನಿಯಮ ಇಲ್ಲದ ಬಳಗ ಅಂತ ನಾವು ಮೆಚ್ಚಿಕೊಂಡೆವಲ್ಲ, ಅದರ ಬೆಲೆ ಇಲ್ಲಿ ಕಟ್ಟಬೇಕಾಯಿತು. ನಿಯಮವೇ ಇಲ್ಲದ ಕಡೆ, ಜೋರು ದನಿಯವನು ಬೇಡ ಅಂದರೆ ಅದೇ ನಿಯಮ. ‘ಹ್ಯೂಗೋ, ನಿನಗೆ ಬೇಡವಾದರೆ ಒಂದು ಗಂಟೆ ಬಿಟ್ಟು ಬಾ’ ಅನ್ನುವ ಅಧಿಕಾರ ಯಾರಿಗೂ ಕೊಟ್ಟಿರಲಿಲ್ಲ. ಇದ್ದದ್ದು ಒಬ್ಬನಿಗೇ, ಕೋಣೆಯ ಯಜಮಾನನಿಗೆ. ಲೂಯಿಸ್ ಆ ಮಾತು ಹೇಳಲಿಲ್ಲ. ಹಳೇ ಗೆಳೆಯನ ಮುಲಾಜು ಇರಬೇಕು. ಡೈಸನ್‌ಗಿಂತ ಲೂಯಿಸ್‌ನದ್ದೇ ದೊಡ್ಡ ತಪ್ಪು ಅಂತ ನನ್ನ ಅಭಿಪ್ರಾಯ. ಯಾರು ಏನು ತಂದಿದ್ದೀರಿ ಅಂತ ಹದಿನೈದು ವರ್ಷ ಕೇಳುತ್ತಾ ಬಂದವನು, ತಂದದ್ದನ್ನು ಕಾಯಲಿಲ್ಲ.

ಗೋಕಾಕರು ಇದ್ದ ಊರು

ಇಲ್ಲಿ ಒಂದು ಸಣ್ಣ ಅಡ್ಡದಾರಿ. ವಿ. ಕೃ. ಗೋಕಾಕರು ಇಂಗ್ಲಿಷ್ ಓದಲು ಆಕ್ಸ್‌ಫರ್ಡ್‌ಗೆ ಹೋದದ್ದು 1936ರಲ್ಲಿ. ವಾಪಸಾದದ್ದು 1938ರಲ್ಲಿ. ಇಂಕ್ಲಿಂಗ್ಸ್ ಗಟ್ಟಿಯಾಗುತ್ತಿದ್ದ, ದೊಡ್ಡ ಕತೆಯ ಮೊದಲ ಅಧ್ಯಾಯ ಹುಟ್ಟಿದ ಕಾಲವೇ ಅದು. ಗೋಕಾಕರೂ ಒಂದು ಬಳಗದಿಂದಲೇ ಹೋದವರು. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಬೆಳೆದ ಗೆಳೆಯರ ಗುಂಪು ಆಗಲೇ ಹತ್ತು ವರ್ಷ ದಾಟಿತ್ತು. ಶಂ. ಬಾ. ಜೋಶಿ, ಆನಂದಕಂದ, ರಂ. ಶ್ರೀ. ಮುಗಳಿ, ಜಿ. ಬಿ. ಜೋಶಿ ಎಲ್ಲ ಅದರಲ್ಲಿದ್ದವರು.

ಎರಡನ್ನೂ ಹೋಲಿಸುವ ಆಸೆ ಆಗುತ್ತದೆ. ಒಂದು ವ್ಯತ್ಯಾಸ ಮಾತ್ರ ಹೇಳುತ್ತೇನೆ. ಧಾರವಾಡದವರು ನಾಡು, ನಾಡಹಬ್ಬ, ಪತ್ರಿಕೆ ಅಂತ ಬೀದಿಗೆ ಇಳಿದರು. ಜಿ. ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆ ಆ ಗೆಳೆಯರ ಕಾಲ ಮುಗಿದ ಮೇಲೂ ನಡೆಯಿತು, ಅದರ ಅಟ್ಟದಲ್ಲಿ ಎಷ್ಟೋ ಹೊಸ ಬರಹಗಾರರು ಕೂತು ಎದ್ದರು. ಇಂಕ್ಲಿಂಗ್ಸ್ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಪತ್ರಿಕೆ ಮಾಡಲಿಲ್ಲ, ಪ್ರಕಾಶನ ಮಾಡಲಿಲ್ಲ. ಅವರಿಗೆ ಇದ್ದದ್ದು ಗುರುವಾರ ಒಂದೇ. ಅದಕ್ಕೆ ಪೆಟ್ಟು ಬಿದ್ದಾಗ ಹಿಡಿದುಕೊಳ್ಳಲು ಬೇರೆ ಏನೂ ಇರಲಿಲ್ಲ.

1949ರ ಅಕ್ಟೋಬರ್

ಏಪ್ರಿಲ್ 24ರ ರಾತ್ರಿಯ ಮರುವಾರವೇ ಎಲ್ಲ ಮುಗಿಯಲಿಲ್ಲ. ಗುರುವಾರಗಳು ಇನ್ನೂ ಎರಡು ವರ್ಷಕ್ಕೂ ಹೆಚ್ಚು ಕಾಲ ಎಳೆದವು. ಕೆಲವು ವಾರ ಕವನ, ಕೆಲವು ವಾರ ಸುಮ್ನೆ ಮಾತು. ಕಾರಣಗಳು ಬೇರೆಯೂ ಇದ್ದವು. ಲೂಯಿಸ್‌ನ ಮನೆಯಲ್ಲಿ ಮುದುಕಿಯ ಆರೈಕೆ, ಅವನ ಅನಾರೋಗ್ಯ, ವಾರ್ನಿಯ ಕುಡಿತ. ಟೋಲ್ಕಿನ್ ಮತ್ತು ಲೂಯಿಸ್ ನಡುವೆಯೂ ಮೊದಲಿನ ಬಿಸಿ ಇರಲಿಲ್ಲ. 1949ರಲ್ಲಿ ಲೂಯಿಸ್ ಮಕ್ಕಳಿಗಾಗಿ ಬರೆಯುತ್ತಿದ್ದ ಹೊಸ ಕತೆಯನ್ನು ಟೋಲ್ಕಿನ್‌ಗೆ ಓದಿ ಹೇಳಿದ. ಅದೇ ನಾರ್ನಿಯಾ ಕತೆಗಳ ಮೊದಲನೆಯದು. ಟೋಲ್ಕಿನ್‌ಗೆ ಅದು ಹಿಡಿಸಲಿಲ್ಲ. ಆದರೂ ಕೇಳಿಸಿಕೊಂಡು, ಆಮೇಲೆ ಹಿಡಿಸಲಿಲ್ಲ ಅಂದ.

ದೊಡ್ಡ ಕತೆ ಮಾತ್ರ ಬಳಗದ ಕಿವಿಗೆ ಬೀಳದೆ ಕೊನೆ ಮುಟ್ಟಿತು. 1949ರ ಶರತ್ಕಾಲದ ಹೊತ್ತಿಗೆ ಟೋಲ್ಕಿನ್ ಪೂರ್ತಿ ಟೈಪು ಮುಗಿಸಿ, ಹಾಳೆಗಳ ಆ ರಾಶಿಯನ್ನು ಲೂಯಿಸ್‌ಗೆ ಕೊಟ್ಟ. ಗಟ್ಟಿಯಾಗಿ ಓದಲಿಲ್ಲ, ಕೈಗೆ ಕೊಟ್ಟ. ಲೂಯಿಸ್ ಒಬ್ಬನೇ ಕೂತು ಓದಿದ. ಬಹುದಿನದ ಬಾಯಾರಿಕೆ ತೀರಿತು ಅನ್ನುವ ಅರ್ಥದಲ್ಲಿ ಗೆಳೆಯನಿಗೆ ಪತ್ರ ಬರೆದ. ಒಪ್ಪಿಗೆಯಾಗದ ಕೆಲವು ಜಾಗಗಳನ್ನೂ ಮುಚ್ಚಿಡಲಿಲ್ಲ. ಪತ್ರದ ತಾರೀಕು ಅಕ್ಟೋಬರ್ 27. ನೋಡಿದರೆ ಅದೂ ಗುರುವಾರವೇ.

ಅದೇ ಅಕ್ಟೋಬರ್‌ನ ದಿನಚರಿಯಲ್ಲಿ ವಾರ್ನಿಯ ಒಂದು ಚಿಕ್ಕ ನಮೂದು ಇದೆ. ಊಟವಾದ ಮೇಲೆ ಯಾರೂ ಬರಲಿಲ್ಲ. ತಮ್ಮನಿಗೆ ನೆಗಡಿಯಾಗಿತ್ತು, ಬೇಗ ಮಲಗಬೇಕಾಗಿತ್ತು, ಬರದಿದ್ದದ್ದೇ ಒಳ್ಳೆಯದಾಯಿತು ಅಂತ. ಆಮೇಲೆ ಗುರುವಾರಗಳ ಸುದ್ದಿ ಇಲ್ಲ.

ಮಂಗಳವಾರಗಳು ನಿಲ್ಲಲಿಲ್ಲ. ಬಿಯರು, ಹರಟೆ, ಯಾರಿಗೆ ಏನಾಯಿತು ಅನ್ನುವ ಸುದ್ದಿ ಹಾಗೇ ನಡೆಯಿತು. ಲೂಯಿಸ್‌ಗೆ ಕೇಂಬ್ರಿಜ್‌ನಲ್ಲಿ ಹುದ್ದೆ ಸಿಕ್ಕಾಗ, ಅವನಿಗೆ ಅನುಕೂಲವಾಗಲಿ ಅಂತ ದಿನವನ್ನೇ ಸೋಮವಾರಕ್ಕೆ ಬದಲಾಯಿಸಿಕೊಂಡರು. 1960ರ ದಶಕದ ಶುರುವಿನಲ್ಲಿ ಹಳೇ ಪಬ್ಬು ರಿಪೇರಿಯಾಗಿ ಇವರಿಗೆ ಒಗ್ಗದಾಯಿತು. ರಸ್ತೆ ದಾಟಿ ಎದುರಿನ ‘ಲ್ಯಾಂಬ್ ಅಂಡ್ ಫ್ಲ್ಯಾಗ್’ಗೆ ಹೋದರು. 1963ರ ನವೆಂಬರ್‌ನಲ್ಲಿ ಲೂಯಿಸ್ ತೀರಿಕೊಳ್ಳುವ ತನಕ ಇದು ಹೀಗೇ ಸಾಗಿತು. ಓದು ನಿಂತು ಹದಿನಾಲ್ಕು ವರ್ಷ ಸುದ್ದಿ ಬದುಕಿತ್ತು.

‘ಲಾರ್ಡ್ ಆಫ್ ದಿ ರಿಂಗ್ಸ್’ ಮೂರು ಸಂಪುಟಗಳಲ್ಲಿ 1954 ಮತ್ತು 1955ರಲ್ಲಿ ಬಂತು. ಮೊದಲ ಅಚ್ಚಿನ ಮುನ್ನುಡಿಯಲ್ಲಿ ಟೋಲ್ಕಿನ್ ಇಂಕ್ಲಿಂಗ್ಸ್‌ಗೆ ಕೃತಜ್ಞತೆ ಹೇಳಿದ. ಅವರು ಈಗಾಗಲೇ ಇದನ್ನು ತಾಳ್ಮೆಯಿಂದ, ಆಸಕ್ತಿಯಿಂದ ಕೇಳಿದ್ದಾರೆ ಅನ್ನುವ ಧಾಟಿಯಲ್ಲಿ. ಡೈಸನ್‌ನ ಹೆಸರು ಎತ್ತಲಿಲ್ಲ, ಯಾರನ್ನೂ ಹೊರಗೂ ಇಡಲಿಲ್ಲ. ಲೂಯಿಸ್ ಹೋದ ಎರಡು ವರ್ಷಕ್ಕೆ ಬರೆದ ಒಂದು ಪತ್ರದಲ್ಲಿ ಮಾತ್ರ, ತಾನು ಲೂಯಿಸ್‌ಗೆ ಇರುವ ಋಣ ತೀರಿಸಲಾಗದ್ದು ಅಂದ. ಅದು ಪ್ರಭಾವದ ಋಣ ಅಲ್ಲವಂತೆ, ಬರೀ ಹುರಿದುಂಬಿಸಿದ್ದರದ್ದು. ಬಹಳ ಕಾಲ ತನಗಿದ್ದ ಕೇಳುಗ ಅವನೊಬ್ಬನೇ ಅಂತ.

‘ಈಗಲ್ ಅಂಡ್ ಚೈಲ್ಡ್’ 2020ರಲ್ಲಿ ಕೊರೊನಾ ಕಾಲಕ್ಕೆ ಬಾಗಿಲು ಹಾಕಿತು. 2023ರಲ್ಲಿ ಒಂದು ಸಂಶೋಧನಾ ಸಂಸ್ಥೆ ಅದನ್ನು ಕೊಂಡುಕೊಂಡಿತು. ಅಲ್ಲಿ ಗೋಡೆಯ ಮೇಲೆ ಒಂದು ಫಲಕವಿತ್ತು, ಲೂಯಿಸ್ ಮತ್ತು ಗೆಳೆಯರು ಮಂಗಳವಾರ ಬೆಳಿಗ್ಗೆ ಇಲ್ಲಿ ಸೇರುತ್ತಿದ್ದರು ಅಂತ. ಪ್ರವಾಸಿಗಳು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಗುರುವಾರದ ಕೋಣೆ ಇರುವುದು ಅಲ್ಲಿಂದ ಒಂದು ಮೈಲಿಗಿಂತ ಕಡಿಮೆ ದೂರದಲ್ಲಿ, ಜಿಂಕೆವನದ ಕಡೆಗೆ ಕಿಟಕಿ ತೆರೆಯುವ ಆ ‘ಹೊಸ ಕಟ್ಟಡ’ದ ಮೆಟ್ಟಿಲು ಹತ್ತಿದರೆ.